ಜಖಂ ಆದ ಕಾರು ಯಾರಿಗೆ ಕೊಡಬೇಕು? ಇನ್ಶೂರೆನ್ಸ್, ಸ್ಕ್ರ್ಯಾಪಿಂಗ್ ಕೇಂದ್ರ, ಮಾರಾಟ, ಗುಜರಿ: ಕಾಗದಪತ್ರದ ಹೋಲಿಕೆ

ಹೊಸಪೇಟೆ–ಕೊಪ್ಪಳ ಹೆದ್ದಾರಿಯಲ್ಲೋ, ಸಿಂಧನೂರು–ಸಿರುಗುಪ್ಪ ರಸ್ತೆಯಲ್ಲೋ ನುಜ್ಜುಗುಜ್ಜಾದ ಕಾರು ಗ್ಯಾರೇಜಿನ ಮುಂದೆ ಬಂದು ನಿಂತ ಎರಡು ದಿನಕ್ಕೆ ಗುಜರಿಯವರ ಫೋನು ಬರುತ್ತದೆ. “ಅಣ್ಣಾ, ಇದ್ದಂಗ ಕೊಡ್ರಿ, ಇವತ್ತ ರೊಕ್ಕ ಕೊಡ್ತೀನಿ.” ಇತ್ತ ಇನ್ಶೂರೆನ್ಸ್‌ನವರು ಟೋಟಲ್ ಲಾಸ್ ಅನ್ನುತ್ತಾರೆ, ಗ್ಯಾರೇಜಿನವರು ರಿಪೇರಿ ಆಗುತ್ತೆ ಅನ್ನುತ್ತಾರೆ, ನೆಂಟರೊಬ್ಬರು ಸರ್ಕಾರದ ಸ್ಕ್ರ್ಯಾಪ್ ಯೋಜನೆಗೆ ಕೊಟ್ಟರೆ ಹೊಸ ಕಾರಿಗೆ ರಿಯಾಯಿತಿ ಸಿಗುತ್ತೆ ಅನ್ನುತ್ತಾರೆ. ಎಲ್ಲರದೂ ಅರ್ಧ ನಿಜ.

ಕಾರು ಅಂಗಳದಿಂದ ಹೋಗಲು ಒಂದು ಕ್ರೇನು ಸಾಕು. ಆರ್‌ಸಿಯಲ್ಲಿರುವ ನಿಮ್ಮ ಹೆಸರು ಹೋಗುವುದು ಸಾರಿಗೆ ಇಲಾಖೆಯ ‘ವಾಹನ್’ ದಾಖಲೆ ಬದಲಾದಾಗ ಮಾತ್ರ. ಅಲ್ಲಿಯವರೆಗೆ ಕಾನೂನಿನ ಪ್ರಕಾರ ಮಾಲೀಕರು ನೀವೇ. ಹಲವು ಕೈ ಬದಲಾದ ಕಾರೊಂದು ಅಪಘಾತ ಮಾಡಿದ ಪ್ರಕರಣದಲ್ಲಿ, ದಾಖಲೆಯಲ್ಲಿ ಹೆಸರಿದ್ದ ಮಾಲೀಕನೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹಾಗಾಗಿ ಕೆಳಗಿನ ಹೋಲಿಕೆಯಲ್ಲಿ ಹೆಸರು ಬಿಡುಗಡೆಯಾಗುವುದಕ್ಕೆ ಮೊದಲ ಸ್ಥಾನ, ಕೈಗೆ ಬರುವ ಹಣಕ್ಕೆ ಎರಡನೆಯದು.

ಯಾವುದರಿಂದ ಅಳೆಯಬೇಕು

ಮೊದಲ ಅಳತೆ, ನಿಮ್ಮ ಹೊಣೆ ಯಾವ ದಿನ ಮುಗಿಯುತ್ತದೆ, ಅದಕ್ಕೆ ಯಾವ ಕಾಗದ ಕೈಗೆ ಬರುತ್ತದೆ ಎಂಬುದು. ಎರಡನೆಯದು ನಿವ್ವಳ ಹಣ: ಅವರು ಹೇಳಿದ ದರದಿಂದ ಟೋಯಿಂಗ್, ಗ್ಯಾರೇಜಿನ ಬಾಡಿಗೆ, ಬ್ಯಾಂಕಿನ ಬಾಕಿ, ಬಾಕಿ ದಂಡ ಎಲ್ಲ ಕಳೆದು ಉಳಿಯುವುದು. ಮೂರನೆಯದು ದೂರ. ಬಳ್ಳಾರಿಯಿಂದ ಬೆಂಗಳೂರು 300 ಕಿ.ಮೀ. ಮೀರುತ್ತದೆ, ರಾಯಚೂರಿಗೆ ಹೈದರಾಬಾದೇ ಹತ್ತಿರ. ಚಕ್ರ ತಿರುಗದ ಕಾರನ್ನು ಅಷ್ಟು ದೂರ ಒಯ್ಯುವ ಖರ್ಚು ಗುಜರಿ ಬೆಲೆಯ ದೊಡ್ಡ ಪಾಲನ್ನೇ ನುಂಗಬಲ್ಲದು. ನಾಲ್ಕನೆಯದು, ಮುಂದಿನ ಕೆಲವು ತಿಂಗಳಲ್ಲಿ ಹೊಸ ಕಾರು ಕೊಳ್ಳುತ್ತೀರಾ ಇಲ್ಲವಾ.

ಐದನೆಯದನ್ನು ಜನ ಕೊನೆಗೆ ನೋಡುತ್ತಾರೆ, ಆದರೆ ಅರ್ಜಿಗಳು ನಿಲ್ಲುವುದು ಅಲ್ಲೇ: ಕಾಗದ ಎಷ್ಟು ಚೊಕ್ಕ ಇದೆ. ಯಾವ ದಾರಿ ಹಿಡಿದರೂ ಈ ಗಂಟುಗಳನ್ನು ಮೊದಲು ಬಿಚ್ಚಬೇಕು.

ಸಾಲ. ಆರ್‌ಸಿಯಲ್ಲಿ ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿಯ ಹೆಸರಿದ್ದರೆ ಅವರ ಒಪ್ಪಿಗೆಯಿಲ್ಲದೆ ವರ್ಗಾವಣೆಯೂ ಇಲ್ಲ, ಗುಜರಿಯೂ ಇಲ್ಲ. ಸಾಲ ತೀರಿಸಿ ಎಷ್ಟೋ ವರ್ಷ ಆಗಿದ್ದರೂ ಆರ್‌ಸಿಯಿಂದ ಎಚ್‌ಪಿ (ಸಾಲ ಕೊಟ್ಟವರ ಹೆಸರಿನ ನಮೂದು) ತೆಗೆಸದೆ ಬಿಟ್ಟವರು ಬಹಳ. ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಜತೆ ಫಾರ್ಮ್ 35 ಎರಡು ಪ್ರತಿ, ಬ್ಯಾಂಕಿನ ಸಹಿ ಸೀಲು ಸಮೇತ, ಆರ್‌ಟಿಒಗೆ ಹೋಗಬೇಕು. ಹಳೆಯ ಎನ್‌ಒಸಿಯ ಅವಧಿ ಮುಗಿದಿದ್ದರೆ ಹೊಸದು ಕೇಳಿ ಪಡೆಯಿರಿ.

ಪೊಲೀಸ್ ಕೇಸು. ಅಪಘಾತದಲ್ಲಿ ಯಾರಿಗಾದರೂ ಪೆಟ್ಟಾಗಿ ಎಫ್‌ಐಆರ್ ಆಗಿದ್ದರೆ ಕಾರು ಠಾಣೆಯ ವಶದಲ್ಲಿರುತ್ತದೆ. ಮೋಟಾರು ವಾಹನ ನಿರೀಕ್ಷಕರ ತಪಾಸಣೆ ಮುಗಿದ ಮೇಲೆ ನ್ಯಾಯಾಲಯದ ಆದೇಶದಿಂದ ಮಧ್ಯಂತರವಾಗಿ ಬಿಡಿಸಿಕೊಳ್ಳುತ್ತೀರಿ. ಮೊದಲು ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) 451, 457ರಡಿ ಹಾಕುತ್ತಿದ್ದ ಈ ಅರ್ಜಿ 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ 497, 503ರಡಿ ಬರುತ್ತದೆ. ಬಿಡಿಸಿಕೊಳ್ಳುವಾಗ ಬರೆದುಕೊಟ್ಟ ಬಾಂಡನ್ನು ಮತ್ತೆ ಓದಿ. ಕೇಸು ಮುಗಿಯುವವರೆಗೆ ವಾಹನವನ್ನು ಮಾರುವುದಿಲ್ಲ, ರೂಪ ಬದಲಿಸುವುದಿಲ್ಲ ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಅಂಥ ಕಾರನ್ನು ಗುಜರಿಗೆ ಹಾಕಿದರೆ ನ್ಯಾಯಾಲಯಕ್ಕೆ ಉತ್ತರ ಕೊಡಬೇಕಾದವರು ನೀವು. ಫೋಟೊ, ಪಂಚನಾಮೆ ದಾಖಲಿಸಿಕೊಂಡು ವಿಲೇವಾರಿಗೆ ಅನುಮತಿ ಕೊಡಿ ಎಂದು ವಕೀಲರ ಮೂಲಕ ಅರ್ಜಿ ಹಾಕುವುದೇ ದಾರಿ. ವಾಹನಗಳನ್ನು ಠಾಣೆಯ ಅಂಗಳದಲ್ಲಿ ದೀರ್ಘಕಾಲ ಕೊಳೆಹಾಕಬಾರದು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿರುವುದರಿಂದ ಈ ಅರ್ಜಿಗೆ ಆಧಾರವಿದೆ.

ದಂಡ, ತೆರಿಗೆ, ಹಳೆಯ ದಾಖಲೆ. ಬಾಕಿ ಇ-ಚಲನ್ ಇದ್ದರೆ ಕಟ್ಟಿ ರಸೀದಿ ಇಟ್ಟುಕೊಳ್ಳಿ. ತ್ರೈಮಾಸಿಕ ತೆರಿಗೆ ಕಟ್ಟುವ ಹಳದಿ ಬೋರ್ಡಿನ ವಾಹನವಾದರೆ ರದ್ದತಿ ತಡವಾದಷ್ಟೂ ತೆರಿಗೆ ಏರುತ್ತದೆ, ಪರ್ಮಿಟ್ ಕೂಡ ಮರಳಿಸಬೇಕು. ಅಂಥವರು ಒಂದು ತಿಂಗಳೂ ಕಾಯಬಾರದು. ಇನ್ನು ಕಂಪ್ಯೂಟರ್ ಬರುವ ಮೊದಲು ನೋಂದಣಿಯಾದ ಕೆಲವು ಕಾರುಗಳು ವಾಹನ್‌ನಲ್ಲಿ ಕಾಣುವುದೇ ಇಲ್ಲ. ಮೊದಲು ಆರ್‌ಟಿಒದಲ್ಲಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸದಿದ್ದರೆ ಮುಂದಿನ ಯಾವ ಅರ್ಜಿಯೂ ಏಳುವುದಿಲ್ಲ. ದಾಖಲೆಯಲ್ಲಿ ಹಳೆಯ ಮೊಬೈಲ್ ನಂಬರ್ ಇದ್ದರೆ ಒಟಿಪಿ ಯಾರಿಗೋ ಹೋಗುತ್ತದೆ. ಅದನ್ನು ಮೊದಲು ಬದಲಿಸಿ. ಆರ್‌ಸಿಯಲ್ಲಿ ಅಪ್ಪನ ಹೆಸರು ಮುಂದೆ, ಆಧಾರ್‌ನಲ್ಲಿ ಹಿಂದೆ ಇರುವ ಸಣ್ಣ ವ್ಯತ್ಯಾಸವೂ ಒಂದು ಅಫಿಡವಿಟ್ ಬೇಡುತ್ತದೆ.

ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರ್ಮ್ 31 (ವಾರಸುದಾರರ ಹೆಸರಿಗೆ ವರ್ಗಾವಣೆಯ ಅರ್ಜಿ) ಹಾಕಬೇಕೆಂಬುದು ನಿಯಮ. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಬೇಕು. ಅಪಘಾತದಲ್ಲೇ ಮಾಲೀಕರು ಹೋಗಿದ್ದರೆ ಇನ್ಶೂರೆನ್ಸ್ ಹಣಕ್ಕೂ ಇವೇ ಕಾಗದ. ಒಂದೇ ಸಲ ನಾಲ್ಕೈದು ದೃಢೀಕೃತ ಪ್ರತಿ ಮಾಡಿಸಿಟ್ಟುಕೊಳ್ಳಿ.

ಇನ್ಶೂರೆನ್ಸ್ ಕಂಪನಿಗೇ ಒಪ್ಪಿಸುವುದು

ಫುಲ್ ಇನ್ಶೂರೆನ್ಸ್ ಇದ್ದವರು ಮೊದಲು ನೋಡಬೇಕಾದ ದಾರಿ ಇದೇ. ಪಾಲಿಸಿಯಲ್ಲಿ ಬರೆದಿರುವ ಐಡಿವಿಯ ಶೇ 75ಕ್ಕಿಂತ ರಿಪೇರಿ ಖರ್ಚು ಹೆಚ್ಚಾದರೆ ಅದು ಟೋಟಲ್ ಲಾಸ್. ಐಡಿವಿ ಎಂದರೆ ಕಾರಿನ ಪ್ರಾಯಕ್ಕೆ ತಕ್ಕಂತೆ ಸವಕಳಿ ಕಳೆದ ಬೆಲೆ: ಒಂದರಿಂದ ಎರಡು ವರ್ಷದ ಕಾರಿಗೆ ಶೇ 20, ಎರಡರಿಂದ ಮೂರಕ್ಕೆ 30, ಮೂರರಿಂದ ನಾಲ್ಕಕ್ಕೆ 40, ನಾಲ್ಕರಿಂದ ಐದಕ್ಕೆ 50 ಕಳೆಯುತ್ತಾರೆ. ಐದು ದಾಟಿದರೆ ನೀವೂ ಕಂಪನಿಯೂ ಒಪ್ಪಿದ ಬೆಲೆ. ಪ್ರೀಮಿಯಂ ಉಳಿಸಲು ಐಡಿವಿ ಇಳಿಸಿಕೊಂಡವರಿಗೆ ಅದರ ಪೆಟ್ಟು ಗೊತ್ತಾಗುವುದು ಇಂಥ ದಿನವೇ.

ಟೋಟಲ್ ಲಾಸ್ ಎಂದಾದ ಮೇಲೆ ಎರಡು ಕವಲು. ಜಖಂ ಕಾರನ್ನೂ ಆರ್‌ಸಿಯನ್ನೂ ಕಂಪನಿಗೆ ಬಿಟ್ಟು ಪೂರ್ತಿ ಐಡಿವಿ ಪಡೆಯುವುದು ಒಂದು. ಕಾರನ್ನು ನೀವೇ ಇಟ್ಟುಕೊಂಡು, ಅದರ ಗುಜರಿ ಬೆಲೆ ಕಳೆದು ಉಳಿದಿದ್ದನ್ನು ಪಡೆಯುವುದು ಇನ್ನೊಂದು. ಇದನ್ನು ‘ನೆಟ್ ಆಫ್ ಸಾಲ್ವೇಜ್’ ಎನ್ನುತ್ತಾರೆ. ಲೆಕ್ಕಕ್ಕೆ ಐಡಿವಿ 3,20,000 ರೂ. ಎಂದಿಟ್ಟುಕೊಳ್ಳಿ. ಶೇ 75 ಎಂದರೆ 2,40,000. ಗ್ಯಾರೇಜಿನ ಅಂದಾಜು 2,60,000 ಬಂದರೆ ಟೋಟಲ್ ಲಾಸ್. 1500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ 1,000. ಕಾರು ಬಿಟ್ಟುಕೊಟ್ಟರೆ 3,19,000. ಸಾಲ್ವೇಜ್ ಬಿಡ್ (ಜಖಂ ಕಾರಿಗೆ ಹರಾಜಿನಲ್ಲಿ ಕೂಗಿದ ಬೆಲೆ) 70,000ಕ್ಕೆ ಬಂದು ನೀವೇ ಇಟ್ಟುಕೊಂಡರೆ 2,49,000 ಮತ್ತು ಕಾರಿನ ಅವಶೇಷ. ಅದನ್ನು 70,000ಕ್ಕಿಂತ ಹೆಚ್ಚಿಗೆ ಮಾರಬಲ್ಲಿರಿ ಎಂಬ ಖಾತ್ರಿ ಇಲ್ಲದಿದ್ದರೆ ಎರಡನೆಯ ಕವಲಿಗೆ ಅರ್ಥವಿಲ್ಲ. ಹೆಚ್ಚಿಗೆ ಸಿಗುವಂತಿದ್ದರೂ ಆರ್‌ಸಿ ರದ್ದು ಮಾಡಿಸಿ ತಂದರೇ ಹಣ ಎಂಬ ಷರತ್ತು ಇದೆಯೇ ಎಂದು ಮೊದಲು ಕೇಳಿ. ರದ್ದಾದ ಕಾರನ್ನು ಓಡುವ ಕಾರಿನ ಬೆಲೆಗೆ ಯಾರೂ ಕೊಳ್ಳುವುದಿಲ್ಲ, ಓಡಿಸಲೂ ಬಾರದು.

ಸಾಲವಿದ್ದರೆ ಹಣ ಮೊದಲು ಬ್ಯಾಂಕಿಗೆ. ಮೇಲಿನ ಲೆಕ್ಕದಲ್ಲಿ 2,10,000 ಬಾಕಿ ಇದ್ದರೆ ನಿಮ್ಮ ಕೈಗೆ 1,09,000. ಬಾಕಿಯೇ ಐಡಿವಿಗಿಂತ ದೊಡ್ಡದಿದ್ದರೆ ಉಳಿದದ್ದನ್ನು ನೀವು ಕಟ್ಟಬೇಕು. ಕಾರು ಹೋಯಿತೆಂದು ಕಂತು ನಿಲ್ಲಿಸಿದರೆ ಸಿಬಿಲ್ ಕೆಡುತ್ತದೆ. ‘ರಿಟರ್ನ್ ಟು ಇನ್‌ವಾಯ್ಸ್’ ಆ್ಯಡ್-ಆನ್ ತೆಗೆದುಕೊಂಡಿದ್ದವರಿಗೆ ಮಾತ್ರ ಕೊಂಡ ಬೆಲೆಯ ಲೆಕ್ಕ ಅನ್ವಯ.

ಎಡವುವ ಜಾಗಗಳು: ಸರ್ವೇಯರ್ ನೋಡುವ ಮೊದಲೇ ಗ್ಯಾರೇಜಿನವರು ಬಿಚ್ಚಿಬಿಡುವುದು, ಆರ್‌ಸಿಯಲ್ಲಿ ನಮೂದಾಗದ ಗ್ಯಾಸ್ ಕಿಟ್, ಸ್ವಂತ ಬಳಕೆಯ ಕಾರನ್ನು ಬಾಡಿಗೆಗೆ ಓಡಿಸಿದ್ದು, ಓಡಿಸಿದವರ ಲೈಸೆನ್ಸ್ ಅವಧಿ ಮುಗಿದಿರುವುದು. ರಿಪೇರಿ ಬೇಡ ಎಂದ ಮೇಲೆ ಗ್ಯಾರೇಜಿನವರು ಎಸ್ಟಿಮೇಟ್ ಶುಲ್ಕ, ದಿನದ ಪಾರ್ಕಿಂಗ್ ಬಾಡಿಗೆ ಕೇಳಬಹುದು. ಕಾರು ಒಳಗೆ ಬಿಡುವ ದಿನವೇ ಆ ದರ ಬರೆಸಿಕೊಳ್ಳಿ.

ಇಲ್ಲಿನ ನಿಜವಾದ ಅಪಾಯ ಸಹಿಯಲ್ಲಿದೆ. ಕಂಪನಿ ಕಾರನ್ನು ಹರಾಜಿನಲ್ಲಿ ಯಾರಿಗೋ ಮಾರುತ್ತದೆ. ಅದಕ್ಕೆ ಮಾಲೀಕತ್ವ ವರ್ಗಾವಣೆಯ ನಮೂನೆಗಳಾದ ಫಾರ್ಮ್ 29, 30 ಖಾಲಿ ಇರುವಾಗಲೇ ಅವುಗಳ ಮೇಲೆ ನಿಮ್ಮ ಸಹಿ ಕೇಳುತ್ತಾರೆ. ಟೋಟಲ್ ಲಾಸ್ ಕಾರಿನ ಆರ್‌ಸಿ, ಚಾಸಿ ನಂಬರನ್ನು ಅದೇ ಮಾದರಿಯ ಕದ್ದ ಕಾರಿಗೆ ಅಂಟಿಸಿ ಓಡಿಸುವ ದಂಧೆ ಇದೆ. ಖಾಲಿ ಹಾಳೆಗೆ ಸಹಿ ಬೇಡ. ಕೊಳ್ಳುವವರ ಹೆಸರು, ವಿಳಾಸ, ದಿನಾಂಕ ತುಂಬಿಸಿ, ಸಹಿ ಹಾಕಿ, ಪ್ರತಿ ಇಟ್ಟುಕೊಳ್ಳಿ. ಕಾರನ್ನು ಒಪ್ಪಿಸಿದ್ದಕ್ಕೆ ಕಂಪನಿಯಿಂದ ದಿನಾಂಕ, ಸಮಯ ಇರುವ ಸ್ವೀಕೃತಿ ಪತ್ರ ಪಡೆಯಿರಿ. ಇನ್ನೂ ಒಳ್ಳೆಯದೆಂದರೆ ಆರ್‌ಸಿ ರದ್ದು ಮಾಡಿಸಿಯೇ ಒಪ್ಪಿಸುತ್ತೇನೆ ಎನ್ನುವುದು. ಬಿಡ್ ಸ್ವಲ್ಪ ಇಳಿಯಬಹುದು, ಆದರೆ ಪೂರ್ತಿ ಐಡಿವಿ ಪಡೆಯುವವರಿಗೆ ಅದರಿಂದ ನಷ್ಟವಿಲ್ಲ. ಇಳಿಯುವುದು ಕಂಪನಿಯ ಪಾಲು. ಅದಕ್ಕೇ ಅವರು ಅಷ್ಟು ಉತ್ಸಾಹ ತೋರಿಸುವುದಿಲ್ಲ.

ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರ

ಥರ್ಡ್ ಪಾರ್ಟಿ ಮಾತ್ರ ಇದ್ದ ಕಾರು, 12–15 ವರ್ಷ ದಾಟಿದ್ದು, ಕ್ಲೇಮ್ ತಿರಸ್ಕೃತವಾದದ್ದು: ಇಂಥವಕ್ಕೆ ಹೆಚ್ಚಿನ ಸಂದರ್ಭದಲ್ಲಿ ಇದೇ ಸರಿ. 2021ರ ಸೆಪ್ಟೆಂಬರ್‌ನಲ್ಲಿ ಬಂದ ಕೇಂದ್ರದ ನಿಯಮದಡಿ ಪರವಾನಗಿ ಪಡೆದ ಇಂಥ ಕೇಂದ್ರಗಳನ್ನು ಆರ್‌ವಿಎಸ್‌ಎಫ್ ಎನ್ನುತ್ತಾರೆ. ಕೆಎ-34 ಬಳ್ಳಾರಿ, ಕೆಎ-36 ರಾಯಚೂರು, ಕೆಎ-37 ಕೊಪ್ಪಳ, ಯಾವ ನಂಬರಿನ ಕಾರಾದರೂ ದೇಶದ ಯಾವುದೇ ರಾಜ್ಯದ ಕೇಂದ್ರಕ್ಕೆ ಕೊಡಬಹುದು. ಗಡಿಭಾಗದವರಿಗೆ ಇದು ಅನುಕೂಲ. ರಾಯಚೂರಿನವರು ತೆಲಂಗಾಣದ ಕೇಂದ್ರವನ್ನೂ, ಬಳ್ಳಾರಿಯವರು ಆಂಧ್ರದ ಕೇಂದ್ರವನ್ನೂ ವಿಚಾರಿಸಲಿ. ಪರಿವಾಹನ್‌ನ ವಿ-ಸ್ಕ್ರ್ಯಾಪ್ ಪೋರ್ಟಲ್‌ನಲ್ಲಿ ಕೇಂದ್ರಗಳ ಪಟ್ಟಿ ಇದೆ. ಅರ್ಜಿಯನ್ನೂ ಅಲ್ಲೇ ಹಾಕಬಹುದು.

ಅರ್ಜಿ ಹಾಕಿದೊಡನೆ ನಾಲ್ಕು ವಿಷಯಗಳ ತಪಾಸಣೆ ನಡೆಯುತ್ತದೆ: ಸಾಲದ ಎಚ್‌ಪಿ ತೆಗೆದಿದೆಯೇ, ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ) ದಾಖಲೆಯಲ್ಲಿ ಈ ವಾಹನದ ಮೇಲೆ ಅಪರಾಧ ಇದೆಯೇ, ಬಾಕಿ ಹಣ ಇದೆಯೇ, ಆರ್‌ಟಿಒ ಕಪ್ಪುಪಟ್ಟಿಗೆ ಹಾಕಿದೆಯೇ. ಒಂದರಲ್ಲಿ ಸಿಕ್ಕಿಬಿದ್ದರೂ ಕೇಂದ್ರದವರು ಕಾರನ್ನು ತೆಗೆದುಕೊಳ್ಳುವಂತಿಲ್ಲ. ಮೊದಲೇ ಹೇಳಿದ ಗಂಟುಗಳನ್ನು ಬಿಚ್ಚದೆ ಕಾರನ್ನು ಲಾರಿಗೆ ಏರಿಸಿ ಕಳಿಸಿದರೆ ಹೋಗಿ ಬರುವ ಎರಡೂ ಬಾಡಿಗೆ ನಿಮ್ಮ ತಲೆಗೆ.

ಒಪ್ಪಿಸುವಾಗ ಮೂಲ ಆರ್‌ಸಿ, ಗುರುತಿನ ಚೀಟಿ, ಪ್ಯಾನ್, ರದ್ದು ಮಾಡಿದ ಚೆಕ್ಕು ಜತೆಗಿರಲಿ. ಬೇರೆಯವರು ಹೋಗುವುದಾದರೆ ಅಧಿಕಾರ ಪತ್ರ ಬೇಕು. ಆರ್‌ಸಿ ಕಳೆದಿದ್ದರೆ ಮೊದಲು ಠಾಣೆಯ ಅಥವಾ ಪೊಲೀಸರ ಇ-ಲಾಸ್ಟ್ ಆ್ಯಪ್‌ನ ಸ್ವೀಕೃತಿ, ಆಮೇಲೆ ಫಾರ್ಮ್ 26ರಲ್ಲಿ ನಕಲು ಆರ್‌ಸಿ. ಕಾರು ತೆಗೆದುಕೊಂಡ ಮೇಲೆ ಕೇಂದ್ರವು ‘ಸರ್ಟಿಫಿಕೇಟ್ ಆಫ್ ಡೆಪಾಸಿಟ್’ ಕೊಡುತ್ತದೆ, ಇದು ಫಾರ್ಮ್ 2. ನಿಮ್ಮ ಪಾಲಿಗೆ ಇದೇ ಬಿಡುಗಡೆಯ ಕಾಗದ. ಕಾರನ್ನು ಕತ್ತರಿಸಿ ಮುಗಿಸಿದ ಮೇಲೆ ಫಾರ್ಮ್ 3ರಲ್ಲಿ ಸ್ಕ್ರ್ಯಾಪಿಂಗ್ ಪ್ರಮಾಣಪತ್ರ ಬರುತ್ತದೆ, ವಾಹನ್‌ನಲ್ಲಿ ನೋಂದಣಿ ರದ್ದಾಗುತ್ತದೆ. ಎರಡನ್ನೂ ಕೇಳಿ ಪಡೆಯಿರಿ. ಮೊದಲನೆಯದು ಬಂದಿತೆಂದು ಎರಡನೆಯದನ್ನು ಮರೆಯುವವರೇ ಹೆಚ್ಚು.

ಹಣ? ಸ್ಕ್ರ್ಯಾಪ್ ಬೆಲೆ ಹೊಸ ಕಾರಿನ ಶೋರೂಂ ಬೆಲೆಯ ಶೇ 4ರಿಂದ 6ರಷ್ಟು ಎಂದು ಕೇಂದ್ರದ ನೀತಿ ಅಂದಾಜಿಸಿತ್ತು. ನಿಮ್ಮ ಕಾರಿಗೆ ಎಷ್ಟು ಬರುತ್ತದೆ ಎಂಬುದು ತೂಕದ ಮೇಲಿದೆ. ಸಣ್ಣ ಹ್ಯಾಚ್‌ಬ್ಯಾಕ್ 750–900 ಕಿಲೊ ತೂಗುತ್ತದೆ. ಬ್ಯಾಟರಿ, ಟೈರು, ಅಲಾಯ್ ವ್ಹೀಲು, ಸೈಲೆನ್ಸರಿನಲ್ಲಿ ಹೊಗೆ ಶುದ್ಧಿ ಮಾಡುವ ಕನ್ವರ್ಟರ್ ಇಲ್ಲದಿದ್ದರೆ ದರ ಇಳಿಸುತ್ತಾರೆ. ಕನ್ವರ್ಟರ್‌ನಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುವುದರಿಂದ ಗ್ಯಾರೇಜಿನ ಅಂಗಳದಲ್ಲಿ ಮೊದಲು ಮಾಯವಾಗುವುದೇ ಅದು. ಕಾರನ್ನು ಗ್ಯಾರೇಜಿನಲ್ಲಿ ಬಿಡುವ ದಿನ ನಾಲ್ಕೂ ಕಡೆಯಿಂದ, ಬಾನೆಟ್ ಎತ್ತಿ, ಕೆಳಗಿನಿಂದ ಫೋಟೊ ತೆಗೆದಿಡಿ. ದರ ಕೇಳುವಾಗ ‘ನಮ್ಮ ಊರಿಂದ ಎತ್ತಿಕೊಂಡು ಹೋಗುವ ಖರ್ಚು ಸೇರಿ ಎಷ್ಟು’ ಎಂದೇ ಕೇಳಿ. ಮುಂದಿನ ಚಕ್ರ ಬಿಗಿದಿದೆಯೇ, ಸ್ಟೀರಿಂಗ್ ಲಾಕ್ ಆಗಿದೆಯೇ ಹೇಳಿ. ಹಾಗಿದ್ದರೆ ಎಳೆಯುವ ಕ್ರೇನು ಸಾಲದು, ಫ್ಲಾಟ್‌ಬೆಡ್ ಬೇಕು. ಮಸ್ಕಿ, ಕುಷ್ಟಗಿ, ಸಂಡೂರಿನಂಥ ಊರಿನವರು ಆ ಕಡೆ ಖಾಲಿ ಹೋಗುವ ಕಾರ್ ಕ್ಯಾರಿಯರ್ ವಿಚಾರಿಸಿದರೆ ಬಾಡಿಗೆ ಇಳಿಯುತ್ತದೆ.

ಹೊಸ ಕಾರಿನ ರಿಯಾಯಿತಿಯನ್ನು ಬಿಡಿಸಿ ನೋಡಬೇಕು, ಜಾಹೀರಾತು ದೊಡ್ಡದಾಗಿ ಕಾಣುತ್ತದೆ. ಡೆಪಾಸಿಟ್ ಸರ್ಟಿಫಿಕೇಟ್ ತೋರಿಸಿದರೆ ಹೊಸ ಕಾರಿನ ನೋಂದಣಿ ಶುಲ್ಕ ಮನ್ನಾ, ಆದರೆ ಕಾರಿಗೆ ಆ ಶುಲ್ಕ ಇರುವುದೇ 600 ರೂ. ದೊಡ್ಡ ಮೊತ್ತ ಇರುವುದು ತೆರಿಗೆಯಲ್ಲಿ. ಸ್ವಂತ ಬಳಕೆಯ ವಾಹನಕ್ಕೆ ಶೇ 25ರವರೆಗೆ, ವಾಣಿಜ್ಯ ವಾಹನಕ್ಕೆ ಶೇ 15ರವರೆಗೆ ರಿಯಾಯಿತಿ ಕೊಡಬಹುದು ಎಂದು 2021ರ ಅಕ್ಟೋಬರ್‌ನ ಕೇಂದ್ರದ ಅಧಿಸೂಚನೆ ಹೇಳುತ್ತದೆ. ‘ರವರೆಗೆ’ ಎಂಬುದನ್ನು ಗಮನಿಸಿ. ಎಷ್ಟು ಎಂದು ಗೊತ್ತುಮಾಡುವುದು ರಾಜ್ಯ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ ಶೇ 14, ಸೆಸ್ ಬೇರೆ. 8 ಲಕ್ಷದ ಕಾರಿಗೆ 1,12,000 ಆಯಿತು. ಅದರಲ್ಲಿ ನಿಮಗೆ ಎಷ್ಟು ಕಡಿಮೆಯಾಗುತ್ತದೆ ಎಂದು ಹಳೆಯ ಕಾರು ಕೊಡುವ ಮೊದಲೇ ಆರ್‌ಟಿಒದಲ್ಲಿ ಕೇಳಿ, ಡೀಲರ್‌ನಿಂದ ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ. ಸರ್ಟಿಫಿಕೇಟಿಗೆ ಅವಧಿ ಇದೆ, ಅದು ಮುಗಿಯುವ ದಿನ ನೋಡಿಕೊಳ್ಳಿ. ಹೊಸ ಕಾರು ಬೇಡವಾದವರು ಅದನ್ನು ಇನ್ನೊಬ್ಬರಿಗೆ ಪೋರ್ಟಲ್ ಮೂಲಕ ವರ್ಗಾಯಿಸಲೂ ಅವಕಾಶವಿದೆ.

ಆರ್‌ಟಿಒಗೆ ನೀವೇ ಹೋಗಿ ರದ್ದು ಮಾಡಿಸುವುದು

ಮೋಟಾರು ವಾಹನ ಕಾಯ್ದೆ 1988ರ ಕಲಂ 55 ಹೇಳುವುದು ಇದನ್ನೇ: ವಾಹನ ನಾಶವಾದರೆ ಅಥವಾ ಇನ್ನೆಂದೂ ಬಳಸಲಾಗದಂತೆ ಆದರೆ ಮಾಲೀಕರು 14 ದಿನದೊಳಗೆ, ಇಲ್ಲವೇ ಆದಷ್ಟು ಬೇಗ, ತಾವು ವಾಸವಿರುವ ಅಥವಾ ವಾಹನ ಇಡುವ ಕಡೆಯ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಎಪಿ-02 ಅನಂತಪುರದ ಕಾರನ್ನು ಬಳ್ಳಾರಿಯಲ್ಲಿ, ಎಪಿ-21 ಕರ್ನೂಲಿನದನ್ನು ರಾಯಚೂರಿನಲ್ಲಿ ಇಟ್ಟುಕೊಂಡವರಿಗೆ ಇದರಲ್ಲಿ ಒಂದು ಸೌಲಭ್ಯವಿದೆ. ಇಲ್ಲಿನ ಕಚೇರಿಗೆ ಕೊಟ್ಟರೂ ಅವರು ಮೂಲ ಆರ್‌ಟಿಒಗೆ ಕಳಿಸಬೇಕು, ರದ್ದು ಮಾಡುವುದು ಅಲ್ಲಿ. ಕಾಗದ ಓಡಾಡಲು ಸಮಯ ಹಿಡಿಯುತ್ತದೆ, ಆದರೆ ನೀವು ತಿಳಿಸಿದ ದಿನಾಂಕ ದಾಖಲಾಗುತ್ತದೆ.

ಅರ್ಜಿಯ ಜತೆ ಮೂಲ ಆರ್‌ಸಿ, ಇನ್ಶೂರೆನ್ಸ್ ಪ್ರತಿ, ಎಫ್‌ಐಆರ್ ಮತ್ತು ಪಂಚನಾಮೆ ಇದ್ದರೆ ಅವು, ಎಚ್‌ಪಿ ಇದ್ದರೆ ಎನ್‌ಒಸಿ, ಜಖಂ ಕಾರಿನ ಫೋಟೊ, ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಇಡಿ. ನಿರೀಕ್ಷಕರು ಕಾರನ್ನು ನೋಡಬೇಕೆನ್ನಬಹುದು. ಅದಕ್ಕೆ ಮೊದಲೇ ಕತ್ತರಿಸಿಬಿಟ್ಟಿದ್ದರೆ ತೋರಿಸಲು ಏನೂ ಇರುವುದಿಲ್ಲ, ಅರ್ಜಿ ಅಲ್ಲೇ ಕೂರುತ್ತದೆ. ಚಾಸಿ ನಂಬರು 17 ಅಕ್ಷರ-ಅಂಕಿಗಳದ್ದು. ಹಲವು ಕಾರುಗಳಲ್ಲಿ ಬಾನೆಟ್ ಎತ್ತಿದರೆ ಎಂಜಿನ್ ಹಿಂದಿನ ತಗಡಿನ ಮೇಲೆ, ಕೆಲವದರಲ್ಲಿ ಮುಂದಿನ ಸೀಟಿನ ಕೆಳಗೆ ಕೊರೆದಿರುತ್ತದೆ. ಎದುರಿನಿಂದ ಗುದ್ದಿದ ಕಾರಿನಲ್ಲಿ ಆ ತಗಡೇ ಮಡಚಿ ಹೋಗಿರುವುದುಂಟು, ಆಗ ಅಷ್ಟು ತುಂಡನ್ನು ನಿರೀಕ್ಷಕರ ಎದುರಿಗೇ ಬಿಡಿಸಬೇಕಾಗುತ್ತದೆ.

ಈ ದಾರಿಯ ಲಾಭ, ಖರ್ಚು ಕಡಿಮೆ, ಕಾಗದ ನೇರ ನಿಮ್ಮ ಕೈಯಲ್ಲಿ. ಆದರೆ ರದ್ದಾದ ಮೇಲೂ ಅವಶೇಷ ನಿಮ್ಮ ಅಂಗಳದಲ್ಲೇ ಉಳಿಯುತ್ತದೆ. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಪರಿಸರ ಸಂರಕ್ಷಣೆಯ ಹೊಸ ನಿಯಮದ ಪ್ರಕಾರ, ನೋಂದಣಿ ರದ್ದಾದ ವಾಹನವನ್ನು 180 ದಿನದೊಳಗೆ ಸ್ಕ್ರ್ಯಾಪಿಂಗ್ ಕೇಂದ್ರಕ್ಕೋ ತಯಾರಕರ ಸಂಗ್ರಹಣಾ ಕೇಂದ್ರಕ್ಕೋ ಒಪ್ಪಿಸಬೇಕು. ‘ಆರ್‌ಸಿ ರದ್ದಾಯ್ತಲ್ಲ, ಇನ್ನು ಯಾರಿಗೆ ಬೇಕಾದರೂ ಕೊಡಬಹುದು’ ಎಂಬ ಹಳೆಯ ಮಾತು ಈಗ ನಡೆಯುವುದಿಲ್ಲ. ಹಾಗಾಗಿ ಕೊನೆಗೆ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಕೊಡುವುದಾದರೆ ಮೊದಲೇ ಅಲ್ಲಿ ಅರ್ಜಿ ಹಾಕುವುದು ಮೇಲು. ಕಲಂ 55 ಉಪಯೋಗಕ್ಕೆ ಬರುವುದು ಇನ್ಶೂರೆನ್ಸ್ ಕಂಪನಿ ರದ್ದತಿ ಕೇಳಿದಾಗ, ಕಾರು ಸುಟ್ಟುಹೋದಾಗ, ಪ್ರವಾಹದಲ್ಲಿ ಕೊಚ್ಚಿಹೋಗಿ ಚೌಕಟ್ಟೇ ಉಳಿಯದಾಗ.

ಇದ್ದ ಸ್ಥಿತಿಯಲ್ಲೇ ಮಾರುವುದು

ಚಾಸಿ ನೆಟ್ಟಗಿದೆ, ಎಂಜಿನ್ ಸರಿಯಿದೆ, ಮುಂಭಾಗ ಮಾತ್ರ ಹೋಗಿದೆ. ಇಂಥ ನಾಲ್ಕೈದು ವರ್ಷದ ಕಾರನ್ನು ರಿಪೇರಿ ಮಾಡಿ ಓಡಿಸುವವರು ಕೊಳ್ಳುತ್ತಾರೆ. ನಿವ್ವಳ ಹಣ ಎಷ್ಟೋ ಸಲ ಇಲ್ಲೇ ಹೆಚ್ಚು. ಷರತ್ತು ಒಂದೇ: ಹೆಸರು ವರ್ಗಾವಣೆ ಆಗಲೇಬೇಕು. ಫಾರ್ಮ್ 29 ಎರಡು ಪ್ರತಿ, ಫಾರ್ಮ್ 30, ಆರ್‌ಸಿ, ಚಾಲ್ತಿಯಲ್ಲಿರುವ ಇನ್ಶೂರೆನ್ಸ್. ರಾಜ್ಯದೊಳಗೆ ಮಾರಿದರೆ 14 ದಿನದಲ್ಲಿ, ಹೊರರಾಜ್ಯಕ್ಕಾದರೆ 45 ದಿನದಲ್ಲಿ ಮಾರಿದವರು ತಿಳಿಸಬೇಕು. ಗುಂತಕಲ್, ಆದೋನಿ, ಗದ್ವಾಲ್ ಕಡೆಯವರು ಕೊಳ್ಳುವುದಾದರೆ ಫಾರ್ಮ್ 28ರ ಎನ್‌ಒಸಿ ಬೇಕು. ಎನ್‌ಒಸಿ ಕೊಟ್ಟರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ; ಆ ಕಡೆಯ ಆರ್‌ಟಿಒದಲ್ಲಿ ಅವರು ನೋಂದಾಯಿಸುವವರೆಗೂ ದಾಖಲೆಯಲ್ಲಿ ನಿಮ್ಮ ಹೆಸರೇ.

ಮಾರಾಟದ ಹಣದಲ್ಲಿ ಒಂದು ಪಾಲನ್ನು ವರ್ಗಾವಣೆ ಆದ ಮೇಲೆ ಪಡೆಯುವುದು ಒಂದು ದಾರಿ; ಅವಸರ ನಿಮ್ಮದೇ ಆದ್ದರಿಂದ ಇದು ತಲೆಕೆಳಗು ಅನ್ನಿಸಬಹುದು. ಇನ್ನೊಂದು ದಾರಿ: ಕೊಳ್ಳುವವರನ್ನು ಕರೆದುಕೊಂಡು ಹೋಗಿ ಅರ್ಜಿಯನ್ನು ನೀವೇ ಹಾಕಿ, ಒಟಿಪಿ ಎರಡೂ ಕಡೆಯದು ಬಂದ ಮೇಲೆ ಬೀಗದ ಕೈ ಕೊಡಿ. ‘ಬಾಂಡ್ ಪೇಪರ್ ಬರೆದುಕೊಟ್ಟಿದ್ದೇನೆ’ ಎಂಬುದು ಪೊಲೀಸರಿಗೆ ವಿವರಣೆ ಕೊಡಲು ನೆರವಾಗಬಹುದು, ಹೊಣೆಯಿಂದ ಬಿಡಿಸುವುದಿಲ್ಲ.

ಊರಿನ ಗುಜರಿ

ಪರವಾನಗಿ ಇಲ್ಲದ ಗುಜರಿಗೆ ಪೂರ್ತಿ ಕಾರು ಕೊಡುವುದರ ಆಕರ್ಷಣೆ ಗೊತ್ತಿರುವುದೇ: ಇವತ್ತೇ ನಗದು, ಅವರದೇ ಕ್ರೇನು, ದೂರದ ಮಾತಿಲ್ಲ. ಕಬ್ಬಿಣ ಕರಗಿಸುವ ಕಾರ್ಖಾನೆಗಳ ಜಿಲ್ಲೆಗಳಾದ್ದರಿಂದ ಕಿಲೊ ದರವೂ ಕೆಲವೊಮ್ಮೆ ಕೇಂದ್ರಕ್ಕಿಂತ ಚೆನ್ನಾಗಿರುತ್ತದೆ. ಆದರೆ ಮೇಲಿನ ಯಾವ ಕಾಗದವೂ ಬರುವುದಿಲ್ಲ. ಚಾಸಿ ನಂಬರಿನ ತುಂಡು, ನಂಬರ್ ಪ್ಲೇಟು ಎಲ್ಲಿ ಹೋಯಿತೆಂದು ಗೊತ್ತಾಗುವುದಿಲ್ಲ, ನಾಳೆ ಆ ನಂಬರಿನ ಟೋಲ್ ದಾಖಲೆ ಎಲ್ಲಿಂದಲೋ ಬಂದರೆ ಉತ್ತರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಐದಾರು ಸಾವಿರ ಹೆಚ್ಚಿಗೆ ಸಿಕ್ಕರೂ ಇದು ಬೇಡ. ಹಾಗೇ ಹಿತ್ತಿಲಲ್ಲಿ ನಿಲ್ಲಿಸಿಬಿಡುವುದೂ ಅಷ್ಟೇ: ತುಕ್ಕು ಹಿಡಿದು ಬೆಲೆ ಇಳಿಯುತ್ತದೆ, ಮತ್ತೆ ಓಡಿಸುವ ಮನಸ್ಸಾದರೆ 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 5,000, 20 ದಾಟಿದ್ದಕ್ಕೆ 10,000 ರೂ.

ಯಾರಿಗೆ ಯಾವುದು

ಐದು ವರ್ಷದೊಳಗಿನ ಕಾರು, ಫುಲ್ ಇನ್ಶೂರೆನ್ಸ್, ಸಾಲ ನಡೆಯುತ್ತಿದೆ: ಕಂಪನಿಗೆ ಒಪ್ಪಿಸಿ ಐಡಿವಿ ಪಡೆಯುವುದು. ಬ್ಯಾಂಕಿನಿಂದ ಫೋರ್‌ಕ್ಲೋಶರ್ ಪತ್ರ (ಸಾಲ ಪೂರ್ತಿ ತೀರಿಸಲು ಬೇಕಾದ ಮೊತ್ತ ಹೇಳುವ ಪತ್ರ) ತರಿಸಿ ಕ್ಲೇಮ್ ಫೈಲಿಗೆ ಸೇರಿಸಿದರೆ ಹಣ ಎರಡು ಕಡೆ ಹಂಚುವ ಕೆಲಸ ಒಂದೇ ಸಲ ಮುಗಿಯುತ್ತದೆ.

ಫುಲ್ ಇನ್ಶೂರೆನ್ಸ್ ಇದ್ದು ಕಾರು ಹಳತಾಗಿದ್ದರೆ ಕ್ಲೇಮ್ ಮಾಡುವ ಮೊದಲು ನೋ ಕ್ಲೇಮ್ ಬೋನಸ್ ನೋಡಿ. ಐದು ವರ್ಷ ಕ್ಲೇಮ್ ಇಲ್ಲದವರಿಗೆ ಅದು ಶೇ 50. ಕಾರನ್ನು ಮಾರಿದರೆ ಅಥವಾ ಸ್ಕ್ರ್ಯಾಪ್ ಮಾಡಿದರೆ ಬೋನಸ್ ಉಳಿಸಿಕೊಳ್ಳುವ ಪತ್ರವನ್ನು ಕಂಪನಿಯಿಂದ ಪಡೆದು ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು. ಕ್ಲೇಮ್ ಮಾಡಿದರೆ ಅದು ಹೋಯಿತು. ಐಡಿವಿ 60,000 ಮಾತ್ರ ಇರುವ, ಹೊಸ ದೊಡ್ಡ ಕಾರು ಕೊಳ್ಳಲಿರುವವರು ಎರಡೂ ಲೆಕ್ಕ ಹಾಕಲಿ. ಬಹುತೇಕರಿಗೆ ಕ್ಲೇಮೇ ಲಾಭ, ಆದರೆ ಎಲ್ಲರಿಗೂ ಅಲ್ಲ.

ಥರ್ಡ್ ಪಾರ್ಟಿ ಮಾತ್ರ, ಕಾರು ಹತ್ತು ವರ್ಷದೊಳಗಿನದು, ಚಾಸಿ ಸರಿ ಇದೆ: ಜಿಲ್ಲೆಯೊಳಗಿನ ಗಿರಾಕಿಗೆ ವರ್ಗಾವಣೆ ಸಮೇತ ಮಾರಾಟ. ಚಾಸಿ ಬಾಗಿದ್ದರೆ, ಹಳೆಯದಾಗಿದ್ದರೆ ಸ್ಕ್ರ್ಯಾಪಿಂಗ್ ಕೇಂದ್ರ. ಸಾಗಾಟ ಸೇರಿ ಎರಡು ಮೂರು ಕೇಂದ್ರಗಳ ದರ ತಂದು ಹೋಲಿಸಿ. ಕೋರ್ಟ್ ಕೇಸು ಇದ್ದರೆ ಅನುಮತಿ ಬರುವವರೆಗೆ ಯಾವುದೂ ಅಲ್ಲ, ತಾಡಪಾಲು ಹೊದಿಸಿ ಬ್ಯಾಟರಿ ಬಿಚ್ಚಿಡುವುದಷ್ಟೇ ಕೆಲಸ.

ಕಾರು ಹೋದ ಮೇಲೆ ಉಳಿಯುವ ಕೆಲಸ

ಒಪ್ಪಿಸುವ ಮೊದಲು ಫಾಸ್ಟ್ಯಾಗ್ ಸ್ಟಿಕರ್ ಕಿತ್ತು, ಕೊಟ್ಟ ಬ್ಯಾಂಕಿನಲ್ಲಿ ಖಾತೆ ಮುಚ್ಚಿಸಿ ಬಾಕಿ ಹಣ ಪಡೆಯಿರಿ. ಆಧಾರ್, ಪ್ಯಾನ್ ಪ್ರತಿ ಕೊಡುವಾಗ ಅದರ ಮೇಲೆ ಅಡ್ಡಲಾಗಿ ಕಾರಿನ ನಂಬರ್, ‘ನೋಂದಣಿ ರದ್ದತಿಗೆ ಮಾತ್ರ’ ಎಂದು ಬರೆದು ಸಹಿ ಮಾಡಿ. ಪಾಲಿಸಿಯ ಅವಧಿ ಉಳಿದಿದ್ದು ಕ್ಲೇಮ್ ಮಾಡಿರದಿದ್ದರೆ, ರದ್ದತಿಯ ಪುರಾವೆ ಕೊಟ್ಟು ಉಳಿದ ಪ್ರೀಮಿಯಂ ಕೇಳಿ.

ಜೀವಾವಧಿ ತೆರಿಗೆ ಕಟ್ಟಿದ ಕಾರು ಅವಧಿಗೆ ಮೊದಲೇ ರದ್ದಾದರೆ ತೆರಿಗೆಯ ಒಂದು ಭಾಗ ಮರಳಿ ಪಡೆಯಲು ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆಯಲ್ಲಿ ಅವಕಾಶವಿದೆ. ಕಾರಿನ ಪ್ರಾಯ ಹೆಚ್ಚಿದಷ್ಟೂ ಮೊತ್ತ ಇಳಿಯುತ್ತದೆ, ಆದ್ದರಿಂದ ಎರಡು ಮೂರು ವರ್ಷದ ಕಾರು ಕಳೆದುಕೊಂಡವರು ಇದನ್ನು ಬಿಡಲೇಬಾರದು. ಇನ್ಶೂರೆನ್ಸ್ ಹಣ ಬಂದ ಸಮಾಧಾನದಲ್ಲಿ ಹೆಚ್ಚಿನವರು ಇದನ್ನು ಕೇಳುವುದೇ ಇಲ್ಲ. ರದ್ದತಿ ಅರ್ಜಿ ಹಾಕುವ ದಿನವೇ ತೆರಿಗೆ ರಸೀದಿಯ ಪ್ರತಿಯೊಂದಿಗೆ ಮರುಪಾವತಿ ಅರ್ಜಿಯ ನಮೂನೆಯನ್ನೂ ಕೌಂಟರ್‌ನಲ್ಲಿ ಕೇಳಿ.

ಕೆಲವು ವಾರದ ನಂತರ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ. ಸ್ಥಿತಿ ಇನ್ನೂ ‘ಆ್ಯಕ್ಟಿವ್’ ಎಂದಿದ್ದರೆ ಸ್ವೀಕೃತಿಯ ಪ್ರತಿ ಲಗತ್ತಿಸಿ ಆರ್‌ಟಿಒಗೆ ಲಿಖಿತ ಮನವಿ ಕೊಡಿ, ಮುದ್ರೆ ಹಾಕಿದ ಪ್ರತಿ ಇಟ್ಟುಕೊಳ್ಳಿ. ಆಗಲೂ ಅಲುಗದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಲ್ಲಿ ‘ಈ ನಂಬರಿನ ವಾಹನದ ನೋಂದಣಿ ರದ್ದತಿ ಕಡತ ಈಗ ಯಾರ ಮೇಜಿನಲ್ಲಿದೆ, ಎಂದಿನಿಂದ’ ಎಂದು ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕಾದ್ದರಿಂದ ಅನೇಕ ಸಲ ಉತ್ತರಕ್ಕಿಂತ ಮೊದಲು ಕಡತವೇ ಮುಂದಕ್ಕೆ ಹೋಗುತ್ತದೆ.